ಎನಿಡ್ ಎಣಿಸಿದ ಹನ್ನೊಂದು ಸೆಕೆಂಡು

ಹಾಲಿವುಡ್ ಪಕ್ಕದ ಬರ್‌ಬ್ಯಾಂಕಿನ ನಮ್ಮ ಹಿತ್ತಲಲ್ಲಿ ಪ್ರತಿ ಭಾನುವಾರ ತಂತಿಯ ಮೇಲೆ ಆರು ಜೊತೆ ಬಿಳಿ ಕೈಗವಸು ಒಣಗುತ್ತಿದ್ದವು. ಈ ಮನೆಯಲ್ಲಿ ಯಾರೋ ಡಾಕ್ಟರ್ ಇದ್ದಾರೆ ಎಂದು ನೆರೆಯವರು ತಿಳಿದಿದ್ದರು. ಡಾಕ್ಟರೂ ಇಲ್ಲ, ಗೀಕ್ಟರೂ ಇಲ್ಲ. ಅವು ನನ್ನ ನಾದಿನಿ ಎನಿಡ್‌ಳವು. ಸಿನಿಮಾ ರೀಲನ್ನು ಕತ್ತರಿಸಿ ಅಂಟಿಸುವುದು ಅವಳ ಕೆಲಸ. ಬರಿಗೈಲಿ ಮುಟ್ಟಿದರೆ ಬೆರಳಚ್ಚು ಬೀಳುತ್ತದಂತೆ. ಕೈಗವಸು ಅಷ್ಟು ಶುಭ್ರ, ಅವಳ ಕೋಣೆ ಮಾತ್ರ ಕೋಳಿ ಕೆದರಿದ ತಿಪ್ಪೆ. ಇರಲಿ, ನಾನು ಹೇಳಹೊರಟಿದ್ದು ಅದಲ್ಲ.

ಅರವತ್ತೆರಡನೇ ಇಸವಿಯ ಮಾತು. ಅದಕ್ಕೂ ಮೊದಲು ಎನಿಡ್ ಇಂಗ್ಲೆಂಡಿನಲ್ಲಿದ್ದಾಗ ಒಂದು ನಗೆಯ ಸಿನಿಮಾಕ್ಕೆ ಕತ್ತರಿ ಹಿಡಿದಿದ್ದಳು. ಅದರಲ್ಲಿ ಒಬ್ಬ ಸೋಮಾರಿ ಪೋಸ್ಟ್‌ಮ್ಯಾನ್, ಹಂಚದೆ ಉಳಿದ ಕಾಗದಗಳನ್ನು ಖಾಲಿ ಜೇನುಪೆಟ್ಟಿಗೆಯಲ್ಲಿ ಬಚ್ಚಿಡುತ್ತಾನೆ. ವಿಚಾರಣೆಗೆ ಬಂದ ಮೇಲಧಿಕಾರಿ ಹೋಗಿ ಹೋಗಿ ಅದರ ಮೇಲೇ ಕೂರುತ್ತಾನೆ. ಅಷ್ಟರಲ್ಲಿ ಜೇನುಹುಳ ವಾಪಸು ಬಂದಿರುತ್ತವೆ. ಥಟ್ಟನೆ ಏಳುವುದು ಮರ್ಯಾದೆಯಲ್ಲ ಎಂದು ಆತ ಕೂತೇ ಚಹಾ ಮುಗಿಸುತ್ತಾನೆ. ಹುಬ್ಬು ಮಾತ್ರ ಕುಣಿಯುತ್ತದೆ. ಹನ್ನೊಂದು ಸೆಕೆಂಡು ಯಾರೂ ತುಟಿ ಬಿಚ್ಚುವುದಿಲ್ಲ. ಅಲ್ಲಿಯ ಜನ ಅದಕ್ಕೇ ಬಿದ್ದು ಬಿದ್ದು ನಕ್ಕರಂತೆ.

ನಮ್ಮೂರಿನ ಒಂದು ಸ್ಟುಡಿಯೋದವರು ಆ ಕಥೆ ಕೊಂಡು, ಊರನ್ನು ಕ್ಯಾನ್ಸಸ್ ಮಾಡಿ, ಚಹಾವನ್ನು ಕಾಫಿ ಮಾಡಿ, ಹೊಸದಾಗಿ ತೆಗೆದರು. ಹಳೆಯದರ ಮರ್ಮ ಬಲ್ಲವಳೆಂದು ಎನಿಡ್‌ಳನ್ನು ಕರೆಸಿಕೊಂಡರು. ಅವಳು ಈ ದೇಶದಲ್ಲಿರುವುದಕ್ಕೆ ಅವರು ಬರೆದುಕೊಟ್ಟ ಕಾಗದವೇ ಆಧಾರ. ಕೆಲಸ ಹೋದರೆ ಇಂಗ್ಲೆಂಡಿನ ಹಡಗು ಹತ್ತಬೇಕು. ಅಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ. ಇದ್ದೊಬ್ಬ ಅಣ್ಣ ಸಿರಿಲ್, ಅಂದರೆ ನನ್ನ ಗಂಡ, ಇಲ್ಲೇ ಇದ್ದ.

ಒಂದು ಶುಕ್ರವಾರ ಸಂಜೆ ಅಡುಗೆಮನೆಗೆ ಬಂದವಳು ಕೋಟು ಕೂಡ ಬಿಚ್ಚಲಿಲ್ಲ.

“ವರ್ನಾ, ನಾನೊಂದು ಕೆಲ್ಸ ಮಾಡ್ಬಿಟ್ಟಿದೀನಿ.”

“ಏನು, ಮತ್ತೆ ನನ್ನ ಕಾಫಿ ಪಾತ್ರೇಲಿ ಚಹಾ ಕುದಿಸಿದ್ಯಾ?”

ಅವಳು ನಗಲಿಲ್ಲ. “ಮಿಸ್ಟರ್ ಟ್ರಾಸ್ಕ್ ಆ ಹನ್ನೊಂದು ಸೆಕೆಂಡನ್ನ ಮೂರು ಮಾಡು ಅಂದಿದ್ರು. ನಮ್ಮ ಜನಕ್ಕೆ ಕಾಯೋಕೆ ಬರಲ್ಲ, ಒಂದು ಕಿರುಚಾಟ ಹಾಕು ಅಂತ. ಹಾಕ್ದೆ. ನಗುವೇ ಸತ್ತೋಯ್ತು. ಇವತ್ತು ಯಾರಿಗೂ ಹೇಳ್ದೆ ಹನ್ನೊಂದನ್ನೂ ವಾಪಸ್ ಸೇರಿಸ್ಬಿಟ್ಟೆ. ರೀಲು ಪೊಮೋನಾಗೆ ಹೋಗಾಯ್ತು.”

ಟ್ರಾಸ್ಕ್ ಅಂದರೆ ಆ ಸಿನಿಮಾದ ನಿರ್ಮಾಪಕ. ಮರುದಿನ ಮಧ್ಯಾಹ್ನ ಪೊಮೋನಾದ ಥಿಯೇಟರಿನಲ್ಲಿ ಊರ ಜನಕ್ಕೆ ತೋರಿಸಿ ಪರೀಕ್ಷೆ ಮಾಡುವುದಿತ್ತು. ಸೌಟು ನನ್ನ ಕೈಯಲ್ಲೇ ನಿಂತಿತು.

“ಈಗ ಹೋಗಿ ಹೇಳ್ಬಾರ್ದಾ?”

“ಹೇಳಿದ್ರೆ ಇವತ್ತೇ ಕೆಲ್ಸ ಹೋಗತ್ತೆ. ನಾಳೆ ಜನ ನಗದಿದ್ರೆ ಸೋಮವಾರ. ನೀನೂ ಬಾ. ಆದ್ರೆ ಬೇಕೂಂತ ನಗ್ಬೇಡ. ಮೇಲೆ ಮೈಕು ನೇತುಹಾಕಿ ನಗು ಎಲ್ಲಾ ಟೇಪ್ ಮಾಡ್ತಾರೆ. ಮನೆಯವರ ನಗು ಅವ್ರಿಗೆ ಗೊತ್ತಾಗೋಗತ್ತೆ. ಹೋದ್ವರ್ಷ ಒಬ್ಬನ ಹೆಂಡ್ತಿ ನಕ್ಕಿದ್ದಕ್ಕೆ ಅವನನ್ನೇ ಕಳಿಸ್ಬಿಟ್ರು.”

“ನನ್ನ ನಗು ಕತ್ತೆ ಕೂಗ್ದಂಗಿರತ್ತೆ ಅಂತ ನಿಮ್ಮಣ್ಣ ದಿನಾ ಹೇಳ್ತಾನೆ. ಬಾಯಿ ಮುಚ್ಕೊಂಡಿರ್ತೀನಿ ಬಿಡು.”

ಹೇಳುವುದೇನೋ ಸುಲಭ. ಮರುದಿನ ನಾವು ಹಿಂದಿನ ಸಾಲಿನಲ್ಲಿ ಕೂತೆವು. ಮುಂದೆ ಟ್ರಾಸ್ಕ್‌ನ ಬೋಳುತಲೆ ಕಾಣುತ್ತಿತ್ತು. ನನ್ನ ಪಕ್ಕದ ಹೆಂಗಸು ಕಡಲೆಬೀಜ ತಿನ್ನುತ್ತಿದ್ದಳು. ಎನಿಡ್ ಕತ್ತಲಲ್ಲಿ ನನ್ನ ಮಣಿಕಟ್ಟು ಹಿಡಿದಳು.

ತೆರೆಯ ಮೇಲೆ ಅಧಿಕಾರಿ ಜೇನುಪೆಟ್ಟಿಗೆಯ ಮೇಲೆ ಕೂತ. ಎನಿಡ್‌ಳ ಬೆರಳು ನನ್ನ ನಾಡಿಯ ಮೇಲೆ ತಟ್ಟತೊಡಗಿತು. ಒಂದು. ಎರಡು. ಮೂರಕ್ಕೆ ಕಿರುಚಾಟ ಬರಲಿಲ್ಲ. ಟ್ರಾಸ್ಕ್‌ನ ಬೋಳುತಲೆ ಮೆಲ್ಲಗೆ ಹಿಂದಕ್ಕೆ ತಿರುಗಿತು. ಐದು. ಯಾರೂ ನಗಲಿಲ್ಲ. ಪಕ್ಕದವಳು ಕಡಲೆಬೀಜ ಅಗಿಯುವುದನ್ನೂ ನಿಲ್ಲಿಸಿದಳು. ಏಳು. ನಾನು ಒಬ್ಬಳು ನಕ್ಕರೆ ಉಳಿದವರೂ ನಗಬಹುದು, ಅಥವಾ ನಾನೇ ಇವಳನ್ನು ಹಡಗು ಹತ್ತಿಸಿದಂತಾಗಬಹುದು. ಒಂಬತ್ತು. ಗಂಟಲವರೆಗೆ ಬಂದದ್ದನ್ನು ನುಂಗಿದೆ, ಅದು ಕೆಮ್ಮಾಗಿ ಹೊರಬಿತ್ತು. ಹನ್ನೊಂದು. ಬೆರಳು ನಿಂತಿತು. ಇಡೀ ಥಿಯೇಟರ್ ಮಸಣದ ಹಾಗಿತ್ತು.

ಆ ಅಧಿಕಾರಿ ಬಟ್ಟಲು ಕೆಳಗಿಟ್ಟು, “ಕಾಫಿ ಚೆನ್ನಾಗಿತ್ತು,” ಎಂದ.

ಆಗ ನೋಡಿ, ಕಟ್ಟೆ ಒಡೆಯಿತು. ಅಷ್ಟು ಹೊತ್ತೂ ಆತನಿಗೋಸ್ಕರ ಉಸಿರು ಬಿಗಿಹಿಡಿದು ಕೂತಿದ್ದರು ಜನ. ಪಕ್ಕದವಳು ಕಡಲೆಬೀಜವನ್ನೆಲ್ಲ ನನ್ನ ಮಡಿಲಿಗೆ ಚೆಲ್ಲಿದಳು. ಎನಿಡ್ ಮಾತ್ರ ಕೈ ಬಿಡಲಿಲ್ಲ.

ಆಟ ಮುಗಿದ ಮೇಲೆ ಟ್ರಾಸ್ಕ್ ನೇರವಾಗಿ ನಮ್ಮ ಸಾಲಿಗೇ ಬಂದು ಎನಿಡ್‌ಳ ಮುಂದೆ ನಿಂತ.

“ಮಿಸ್ ಹಾಲ್‌ರಾಯ್ಡ್, ನಾನು ಮೂರು ಅಂದಿದ್ದೆ.”

“ಹೌದು, ಸರ್.”

“ಆ ನಗುವಲ್ಲಿ ಮುಂದಿನ ನಾಲ್ಕು ಮಾತು ಒಂದೂ ಕೇಳಿಸ್ಲಿಲ್ಲ.” ಟೋಪಿಯನ್ನು ಕೈಯಲ್ಲಿ ತಿರುಗಿಸಿದ. “ಸೋಮವಾರ ಬಂದು ಆ ನಗು ಮುಗಿಯೋಷ್ಟು ಅಲ್ಲಿ ಜಾಗ ಬಿಡಿ.”

“ಆ ಹನ್ನೊಂದು?”

“ಮುಟ್ಬೇಡಿ. ಇನ್ನೊಂದ್ಸಲ ನನ್ನ ಕೇಳ್ದೆ ಕತ್ತರಿ ಹಿಡಿದ್ರೆ ಹಡಗಿಗೆ ನಾನೇ ಬಂದು ಹತ್ತಿಸ್ತೀನಿ.”

ಕಾರಿನಲ್ಲಿ ಅವಳು, “ಕೆಮ್ಮಿದ್ದು ನೀನೇ ತಾನೆ?” ಎಂದಳು.

“ಕೆಮ್ಮಿಗೂ ಕೆಲ್ಸ ಹೋಗತ್ತಾ?”

“ಗೊತ್ತಿಲ್ಲ,” ಎಂದಳು. ನಿಜವಾಗಿಯೂ ಹೆದರಿದ್ದಳು.

ಆಮೇಲೆ ಇಪ್ಪತ್ತೊಂಬತ್ತು ವರ್ಷ ಅವಳು ನಮ್ಮ ಹಿಂದಿನ ಕೋಣೆಯಲ್ಲೇ ಇದ್ದಳು. ಕೆಲಸ ಉಳಿಯಿತು, ಭಯವೂ ಉಳಿಯಿತು. ಭಾನುವಾರ ಊಟದ ಹೊತ್ತಿಗೆ ಸಿರಿಲ್ ತನ್ನ ಹಳಸಲು ಜೋಕು ಹೇಳಿದಾಗ ಯಾರೂ ನಗುತ್ತಿರಲಿಲ್ಲ. ಎನಿಡ್‌ಳ ಬೆರಳು ಮೇಜಿನ ಬಟ್ಟೆಯ ಮೇಲೆ ತಟ್ಟತೊಡಗುತ್ತಿತ್ತು. ಅದು ಐದಕ್ಕೆ ಬರುವುದರೊಳಗೆ ನಾನು ಕತ್ತೆಯ ಹಾಗೆ ನಕ್ಕುಬಿಡುತ್ತಿದ್ದೆ. ನಮ್ಮ ಮನೆಯಲ್ಲಿ ಮೈಕು ಇರಲಿಲ್ಲವಲ್ಲ.