ಹಸಿರಾಗಿ ಬಂದ ನವರಾತ್ರಿ ಸಸಿ

ಮೊನ್ನೆ ಮಂಚದಡಿ ಮರೆತೇ ಹೋಗಿದ್ದ ಬಟಾಟೆ ಚೀಲ ಎಳೆದೆ. ಮುಗ್ಗಲು ವಾಸನೆ, ಒಳಗೆ ಗೇಣುದ್ದದ ಬಿಳುಚು ಮೊಳಕೆಗಳು. ಬಿಸಾಡಲು ಹೋದವಳು ಅಲ್ಲೇ ಕುಳಿತೆ. ನಮ್ಮ ಬಾಟನಿ ಅಕ್ಕೋರು ನೆನಪಾದರು...

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನೌಕಾನೆಲೆಗೆ ಜಾಗ ಬಿಟ್ಟು ಚೆಂಡಿಯಾದಿಂದ ಎದ್ದು ಬಂದ ನಮಗೂ ಅವರಿಗೂ ಅಂಕೋಲೆ ಕಡೆಯ ಕಾಲೊನಿಯಲ್ಲಿ ಅಕ್ಕಪಕ್ಕದ ಮನೆ. ಅವರು ದಿನಾ ಬಸ್ಸು ಹತ್ತಿ ಕಾರವಾರದ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದರು. ನಾನೂ ಅವರ ಕ್ಲಾಸಿನಲ್ಲೇ ಇದ್ದೆ.

ಹೊಸ ಮನೆಯ ಮೊದಲ ನವರಾತ್ರಿ. ಅಜ್ಜಿ ವಾಡಿಕೆಯಂತೆ ದೇವರ ಮುಂದೆ ಮಣ್ಣು ಹರವಿ ಭತ್ತ ಬಿತ್ತಿದಳು. ದಸರೆಗೆ ಆ ಸಸಿ ಹಳದಿಯಾಗಿ, ಉದ್ದಕ್ಕೆ ಏಳಬೇಕು. ಹೆಂಗಸರು ಮುಡಿಯುವುದು ಅದನ್ನೇ. ಬಂದದ್ದು ಗಿಡ್ಡ, ಕಡು ಹಸಿರು! ಅಜ್ಜಿ ಎದೆ ಬಡಿದುಕೊಂಡಳು.

"ದೇವಿ ನಮ್ ಸಂಗ್ತಿ ಬರ್ಲೇ ಇಲ್ಲ. ಅಲ್ಲೇ ಉಳ್ದಳು."

ಅವತ್ತಿನಿಂದ ಗಂಜಿಯನ್ನೂ ಮುಟ್ಟಲಿಲ್ಲ. ಅಪ್ಪ ಗದರಿದ, ಅಮ್ಮ ಅತ್ತಳು, ಮುದುಕಿ ಜಗ್ಗಲಿಲ್ಲ. ಹೀಗೇ ಬಿಟ್ಟರೆ ಸತ್ತೇ ಹೋಗುತ್ತಾಳೆ ಅಂತ ಹೆದರಿ ನಾನು ಅಕ್ಕೋರನ್ನು ಕರೆತಂದೆ.

ಅವರು ಅಜ್ಜಿಯ ಪಕ್ಕ ನೆಲಕ್ಕೇ ಕುಳಿತರು. "ಸಸಿಯೊಳಗೆ ಬೆಳಕಿನ ಗುರ್ತು ಹಿಡಿಯೂ ಪ್ರೋಟೀನು ಒಂದು ಇರ್ತದೆ ಅಮ್ಮಾ. ಕತ್ತಲಲ್ಲಿ ಅದು ಸುಮ್ನಿರ್ತದೆ. ಆಗ ಬೇರೆ ಪ್ರೋಟೀನುಗಳು, ಬೆಳಕು ಸಿಗೂ ತನಕ ಏಳು ಏಳು ಅಂತ ದಂಟನ್ನ ಉದ್ದ ಮಾಡ್ತಾ ಹೋಗ್ತವೆ. ಬೆಳಕು ಬಿತ್ತೋ, ಇದು ಎಚ್ರಾಗಿ ಅವುಗಳ ಬಾಯಿ ಮುಚ್ಚಿಸ್ತದೆ. ದಂಟು ನಿಂತು, ಎಲೆ ಬಿಚ್ಚಿ ಹಸ್ರಾಗ್ತದೆ. ನಿಮ್ಮ ಹಳೇ ದೇವರ ಕೋಣೆಗೆ ಕಿಟಕಿ ಇತ್ತಾ?"

ಇರಲಿಲ್ಲ. ಇಲ್ಲಿ ದೇವರ ಗೂಡು ಕಿಟಕಿಗೆ ಎದುರಾಗೇ ಇತ್ತು. ಆದರೂ ಅಜ್ಜಿ ನಂಬಬೇಕಲ್ಲ! ಅಕ್ಕೋರು ಎರಡು ಕರಟದಲ್ಲಿ ಭತ್ತ ಬಿತ್ತಿ, ಒಂದನ್ನು ಕಿಟಕಿಯಲ್ಲಿಟ್ಟು, ಇನ್ನೊಂದರ ಮೇಲೆ ತಪ್ಪಲೆ ಕವುಚಿದರು. ಅದು ಏಳುವ ತನಕ ದಿನಾ ಬಂದು, ಕಾಡಿ ಬೇಡಿ ತಾವೇ ಗಂಜಿ ಕುಡಿಸಿದರು. ತಪ್ಪಲೆ ಎತ್ತಿದ ದಿನ ಒಳಗೆ ಹಳದಿ ಸಸಿ ನಿಂತಿತ್ತು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಳು. "ಹಾಗಾರೆ ಬಂದಾಳೆ" ಅಂದು ಅನ್ನ ಕೇಳಿದಳು.

ಅಷ್ಟರಲ್ಲಿ ಮನೆಗೆ ಹೋಗಿದ್ದ ಅಕ್ಕೋರಿಗೆ ಖುಷಿ ತಡೆಯಲಾಗದೆ ಹೇಳಲು ಓಡಿದೆ. ಅವರು ತಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು.

"ನಿಮ್ಮಜ್ಜಿ ದೇವರು ಬಂದ್ಲು ತಂಗೀ. ನನ್ನ ಕೂಸು ಅಲ್ಲೇ ಉಳೀತಲ್ಲೇ... ಅದಕ್ಕೆ ಯಾವ ಪ್ರೋಟೀನು ಹೇಳ್ಲಿ ನಾನು?"

ಜ್ವರದಲ್ಲಿ ಹೋದ ಪುಟ್ಟ ಮಗಳನ್ನು ಚೆಂಡಿಯಾದ ಹಿತ್ತಲಲ್ಲಿ ಮಣ್ಣು ಮಾಡಿ, ಮೇಲೊಂದು ಸುರಗಿ ಗಿಡ ನೆಟ್ಟಿದ್ದರಂತೆ. ಈಗ ಅದು ನೌಕಾನೆಲೆಯ ಕಂಪೌಂಡಿನ ಒಳಗೆ. ಗಿಡ ಇದೆಯೋ, ಕಡಿದರೋ, ಅದೂ ಅವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ನಾನೂ ಅತ್ತೆ.

ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಅವರನ್ನು ಕಡೆಯ ಸಲ ನೋಡಿ ಕಾರವಾರಕ್ಕೆ ಮರಳುವಾಗ ಬಸ್ಸು ಚೆಂಡಿಯಾ ದಾಟಿತು. ಕಿಟಕಿಗೆ ಮುಖ ಒತ್ತಿ ಹುಡುಕಿದೆ. ಉದ್ದಕ್ಕೂ ಗೋಡೆ, ಅದರಾಚೆ ಎಷ್ಟೋ ಮರಗಳ ತಲೆ... ಸುರಗಿ ಯಾವುದೆಂದು ತಿಳಿಯಲಿಲ್ಲ. ತಿಳಿದಿದ್ದರೂ, ಇನ್ನು ಯಾರಿಗೆ ಹೇಳಲಿ?