ವೈನಿ ತಿಂದ ಮಣ್ಣು

ಇವತ್ತು ಬೆಳಿಗ್ಗೆ ಪ್ರಯೋಗಾಲಯದಲ್ಲಿ ಯಾವುದೋ ಊರಿನ ಎರೆಮಣ್ಣಿಗೆ ನೀರು ಹಾಕಿದೆ. ಎದ್ದ ವಾಸನೆಗೆ ಅನಗವಾಡಿಯ ನಮ್ಮ ವೈನಿ, ಅಣ್ಣನ ಹೆಂಡತಿ, ನೆನಪಾದರು.

ಮಣ್ಣಿನಲ್ಲಿ ವಿಕಿರಣ ಸೂಸುವ ಪ್ಲುಟೋನಿಯಂ ಎಷ್ಟಿದೆಯೆಂದು ಅಳೆಯುವುದು ನನ್ನ ಕೆಲಸ. ನಗಬೇಡಿ, ನಿಮ್ಮ ಹಿತ್ತಲಲ್ಲೂ ಅದು ಒಂದಿಷ್ಟು ಇದ್ದೀತು. ನಾನು ಹುಟ್ಟುವ ಮೊದಲೇ ದೊಡ್ಡ ದೇಶಗಳು ಸಿಡಿಸಿ ನೋಡಿದ ಅಣುಬಾಂಬುಗಳ ಬೂದಿ ಗಾಳಿಯಲ್ಲಿ ಸುತ್ತಿ, ಮಳೆಯೊಡನೆ ಎಲ್ಲೆಡೆ ಇಳಿಯಿತು. ಅದರಲ್ಲಿದ್ದ ಪ್ಲುಟೋನಿಯಂ ಮಣ್ಣಿಗೆ ಅಂಟಿಕೊಂಡರೆ ಸುಲಭವಾಗಿ ಬಿಡುವುದಿಲ್ಲ. ಬೇರಿಗೂ ಹೆಚ್ಚು ಏರದು. ಉಳದ ನೆಲದಲ್ಲಿ ಬಹುಪಾಲು ಮೇಲ್ಪದರದಲ್ಲೇ ಕೂತಿರುತ್ತದೆ.

ಕೆಲವು ವರ್ಷಗಳ ಹಿಂದೆ ರಜೆಗೆ ಊರಿಗೆ ಹೋದಾಗ ವೈನಿ ಬಸುರಿ. ಮೊದಲ ಬಸಿರು ನಿಂತಿರಲಿಲ್ಲವಾದ್ದರಿಂದ ಎಲ್ಲರೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಒಂದು ಮಧ್ಯಾಹ್ನ ಅವರು ಹೊಲದ ಬದುವಿನಲ್ಲಿ ಕೂತು ಮಣ್ಣು ಕೆರೆದು ತಿನ್ನುತ್ತಿದ್ದರು. ಎಂದೂ ನೇಗಿಲು ತಾಗದ ಬದು. ಆ ಬೂದಿ ಮೇಲ್ಪದರದಲ್ಲೇ ಕೂತಿರುವ ಜಾಗವೆಂದು ಓಡಿಹೋಗಿ ಅವರ ಕೈ ಹಿಡಿದೆ.

"ಬಯಕಿ ತಂಗಿ, ತಡ್ಯಾಕ ಆಗಂಗಿಲ್ಲ. ಯಾರಿಗೂ ಹೇಳಬ್ಯಾಡ," ಎಂದರು.

ಅಷ್ಟು ಕಡಿಮೆ ಪ್ಲುಟೋನಿಯಂನಿಂದ ಹೆದರಬೇಕಾದ್ದಿಲ್ಲ, ನುಂಗಿದ್ದು ಬಹುಪಾಲು ಹಾಗೇ ಹೊರಬೀಳುತ್ತದೆ, ದೂಳಾಗಿ ಉಸಿರಿನಲ್ಲಿ ಹೋದರೆ ಅಪಾಯ ಹೆಚ್ಚು. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರಲಾಗಲಿಲ್ಲ. ಮರುದಿನ ಗುದ್ದಲಿ ಹಿಡಿದು ಮೊಣಕಾಲಿನಷ್ಟು ಆಳ ಅಗೆದು, ಅಲ್ಲಿಯ ಮಣ್ಣು ತಂದುಕೊಟ್ಟೆ.

ವೈನಿ ಚೂರು ಬಾಯಿಗಿಟ್ಟು ಉಗುಳಿದರು. "ಇದಕ ವಾಸನಿನ ಇಲ್ಲ. ಯಾಕ ತಂದಿ?"

ಹೇಳಬೇಕಾಯಿತು. ಅವರ ಕೈ ಹೊಟ್ಟೆಯ ಮೇಲೆ ಹೋಯಿತು.

"ಕೂಸಿಗೆ ಏನರ ಆಗ್ತೈತೇನು? ಖರೆ ಹೇಳು."

"ಇದರಿಂದ ಏನೂ ಆಗಂಗಿಲ್ರಿ ವೈನಿ."

"ಮತ್ತ ನೀ ಯಾಕ ಅಷ್ಟ ಆಳ ಅಗದು ತಂದಿ?"

ಬೀಳಗಿಯ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದೆ. ಪ್ಲುಟೋನಿಯಂ ಎಂದಾಗ ಅವರು ನನ್ನನ್ನೇ ರೋಗಿಯಂತೆ ನೋಡಿದರು. "ಅದನ್ನ ಬಿಡ್ರಿ. ಇವರ ಮೈಯಾಗ ರಕ್ತ ಇಲ್ಲ. ಹೊಟ್ಟ್ಯಾಗ ಜಂತು ಇರಬಹುದು. ಮೊದಲ ಅದನ್ನ ನೋಡೂಣು."

ವೈನಿಯ ಮುಖ ಅಷ್ಟು ಬಿಳಿಚಿಕೊಂಡಿದ್ದು ನನಗೆ ಕಂಡೇ ಇರಲಿಲ್ಲ.

ರಕ್ತ ಹೆಚ್ಚಿಸುವ ಕಬ್ಬಿಣಾಂಶದ ಗುಳಿಗೆ ಶುರುವಾದ ಮೇಲೆ ಮಣ್ಣಿನ ಬಯಕೆ ಇಳಿಯಿತು. ಹೆರಿಗೆಯವರೆಗೂ ನಾನು ದಿನಾ ಫೋನ್ ಮಾಡಿ ಅವರ ಜೀವ ತಿಂದೆ. ಮಗಳು ಹುಟ್ಟಿದಳು, ಓಣಿಗೆಲ್ಲ ಕೇಳುವಂತೆ ಅಳುವ ಮಗಳು.

ಇದೆಲ್ಲ ನೆನೆಯುತ್ತ ಈಗಷ್ಟೇ ವೈನಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ ಅವರು ಕೇಳಿದರು: "ಆ ಬೂದಿ ನಮ್ಮ ಹೊಲದಾಗ ಕೆಡವೂಮುಂದ ನಮ್ಮನ್ನ ಯಾರರ ಕೇಳಿದ್ರೇನು?"

"ಇಲ್ರಿ."

"ಎಷ್ಟ ವರ್ಷ ಇರ್ತೈತಿ?"

"ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಹೋದ ಮ್ಯಾಲೂ ಇರ್ತೈತ್ರಿ."

ಇಷ್ಟು ವರ್ಷ ನನಗಿದ್ದದ್ದು ಬರೀ ಭಯ. ಅದು ಈಗಲೂ ಇದೆ, ಆದರೆ ಇವತ್ತು ಮೊದಲ ಸಲ ಸಿಟ್ಟು ಬಂತು.