ಹಲಗೆಯಡಿಯ ನೀರು

ಬಂದರಿನವರು ಅವಳಿಗಿಟ್ಟ ಅಡ್ಡಹೆಸರು ‘ಕಸದ ಖಜಾಂಚಿ’. ಹಾಯಿ ಹೊಲಿಯುವುದು ಅವಳ ಕಸುಬು. ಗಂಡ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಇಬ್ಬರಿಗೂ ಮನೆಯೆಂದರೆ ಅವರ ಹಾಯಿದೋಣಿಯೇ. ಕೆಲಸ ಇದ್ದ ಬಂದರಿನಲ್ಲಿ ಲಂಗರು ಹಾಕುವುದು, ಮುಗಿದ ಮೇಲೆ ಮುಂದಿನ ಬಂದರಿಗೆ ಹೊರಡುವುದು. ನಡುವೆ ಕೆಲವೊಮ್ಮೆ ವಾರಗಟ್ಟಲೆ ಬರೀ ನೀರು. ಅಷ್ಟು ದಿನದ ಕಸವೆಲ್ಲ ಅವಳ ಸುಪರ್ದಿಯಲ್ಲಿ.

ತರಕಾರಿ ಸಿಪ್ಪೆ ಮಾತ್ರ ಸಮುದ್ರಕ್ಕೆ, ಅದೂ ದಡ ಕಣ್ಮರೆಯಾಗಿ ಎಷ್ಟೋ ಹೊತ್ತಾದ ಮೇಲೆ. ಪ್ಲಾಸ್ಟಿಕ್ ಹಾಳೆಗಳನ್ನು ಉಪ್ಪುನೀರಿನಲ್ಲಿ ತೊಳೆದು, ಒಣಗಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಖಾಲಿ ಬಾಟಲಿಯೊಳಗೆ ಸೌಟಿನ ಹಿಡಿಯಿಂದ ತುರುಕಿ ಮುಚ್ಚಳ ಬಿಗಿಯುವಳು. ಇಡೀ ವಾರದ ಪ್ಲಾಸ್ಟಿಕ್ ಒಂದು ಬಾಟಲಿಯಲ್ಲಿ ಅಡಗುತ್ತಿತ್ತು. ಖಾಲಿ ಡಬ್ಬಿಗಳನ್ನು ತುಳಿದು ಚಪ್ಪಟೆ ಮಾಡುವಳು. ರಟ್ಟಿನ ಪೆಟ್ಟಿಗೆಗೆ ದೋಣಿಯೊಳಗೆ ಪ್ರವೇಶವೇ ಇರಲಿಲ್ಲ. ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಇರುತ್ತದೆ. ಕೊಂಡ ಡಬ್ಬಿಗಳ ಮೇಲಿನ ಕಾಗದವನ್ನೂ ಬಂದರಿನ ಕಟ್ಟೆಯಲ್ಲೇ ಸುಲಿದು, ತಗಡಿನ ಮೇಲೆ ‘ಟೊ’, ‘ಬ’ ಎಂದು ಗುರುತು ಬರೆದು, ನೆಲದ ಹಲಗೆಯ ಕೆಳಗೆ ಜೋಡಿಸುವಳು. ಭಾರ ಕೆಳಗಿದ್ದಷ್ಟೂ ದೋಣಿ ಸ್ಥಿರ.

ನೋಡಿದವರು ಇದನ್ನು ಶಿಸ್ತು ಎನ್ನುತ್ತಿದ್ದರು. ಅದು ಭಯ ಎಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ, ಬಂದರಿನ ಬಾಯಲ್ಲಿ, ಯಾರೋ ಎಸೆದ ಚೀಲವೊಂದು ಅವರ ದೋಣಿಯಡಿಯ ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ ನಿಂತಿತ್ತು. ದೋಣಿ ಸದ್ದಿಲ್ಲದೆ ಕಲ್ಲುಗೋಡೆಯ ಕಡೆ ಸರಿಯತೊಡಗಿತ್ತು. ಗೋಡೆಯ ಮೇಲಿನ ಪಾಚಿ ಎಳೆಎಳೆಯಾಗಿ ಕಾಣುವಷ್ಟು ಹತ್ತಿರ ಹೋದಾಗ ಯಾರೋ ಹಗ್ಗ ಎಸೆದರು. ಅವಳಿಗೆ ಈಜು ಬರುತ್ತಿರಲಿಲ್ಲ, ಇವತ್ತಿಗೂ ಬರುವುದಿಲ್ಲ.

ಈ ಸಲದ ಪಯಣಕ್ಕೆ ಅತ್ತೆಯೂ ಜೊತೆಗೆ ಬಂದಿದ್ದರು. ಜೀವಮಾನವೆಲ್ಲ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎದುರಿಗೆ ಕಂಡ ವಸ್ತುವಿಗೆಲ್ಲ ಹೆಸರಿನ ಚೀಟಿ ಇರಬೇಕು ಅವರಿಗೆ. ಸೊಸೆಯ ಬಾಟಲಿಗಳ ಸಾಲು ನೋಡಿ ನಕ್ಕಿದ್ದರು. “ಊರಲ್ಲೆಲ್ಲ ಕಸ ಹೊರಗೆ ಹಾಕ್ತಾರೆ, ಇವಳು ಅದಕ್ಕೆ ಹಾಸಿಗೆ ಹಾಸಿ ಮಲಗಿಸ್ತಾಳೆ. ನನಗೆ ಮಾತ್ರ ಬೆಂಚು.” ಐದು ಲೀಟರಿನ ಖಾಲಿ ಎಣ್ಣೆ ಕ್ಯಾನೊಂದು ಅವರ ಕಾಲಿಗೆ ದಿನಾ ತೊಡರುತ್ತಿತ್ತು. ಅದನ್ನು ನೀರಿಗೆ ಎಸೆಯಬಾರದೇ ಎಂದು ಅವರು, ಬಂದರು ಬರಲಿ ಎಂದು ಇವಳು.

ಹೊರಟ ಮೂರನೆಯ ದಿನ ಗಾಳಿ ಎದುರಾಯಿತು. ಬಲಗಡೆ ಬಂಡೆಗಳ ಸಾಲು, ಅದರ ಮೇಲೆ ಒಡೆಯುವ ಬಿಳಿ ನೊರೆ. ಗಂಡ ಹಾಯಿ ಇಳಿಸಿ, ಎಂಜಿನ್ ಜೋರು ಮಾಡಿ, ಚುಕ್ಕಾಣಿ ಹಿಡಿದು ನಿಂತಿದ್ದ. ಇವಳು ಅತ್ತೆಗೆ ನೀರು ಕೊಡಲು ಒಳಗಿಳಿದಳು. ಕಾಲಿಟ್ಟ ಹಲಗೆ ಮೆತ್ತಗೆ ತೇಲಿತು.

ಹಲಗೆ ಎತ್ತಿದಳು. ಕೆಳಗೆ ಕಪ್ಪು ನೀರು, ದೋಣಿ ವಾಲಿದಂತೆಲ್ಲ ಅತ್ತಿಂದಿತ್ತ ಉರುಳುವ ಡಬ್ಬಿಗಳು. ನೀರೆತ್ತುವ ಪಂಪು ಗುಂಯ್‌ಗುಟ್ಟುತ್ತಿತ್ತು, ನೀರು ಮಾತ್ರ ಇಳಿಯುತ್ತಿರಲಿಲ್ಲ. ಇಂಥ ಹೊತ್ತಿಗೆಂದು ಗಂಡ ಕಲಿಸಿದ್ದ ಪಾಠ ಒಂದೇ: ಮೊದಲು ರುಚಿ ನೋಡು. ಸಪ್ಪೆಯಾದರೆ ಕುಡಿಯುವ ನೀರಿನ ಟ್ಯಾಂಕು ಸೋರಿದೆ, ಹೆದರಬೇಡ. ಅವಳು ಬೆರಳದ್ದಿ ನಾಲಿಗೆಗೆ ಇಟ್ಟಳು.

ಉಪ್ಪು.

ಮೇಲಕ್ಕೆ ಕೂಗಿ ಹೇಳಿದಳು. ಪ್ರೊಪೆಲ್ಲರ್ ತಿರುಗಿಸುವ ಎಂಜಿನ್ನಿನ ದಂಡ ತಳದಿಂದ ಹೊರಹೋಗುವ ಕಡೆ ನೀರು ತಡೆಯುವ ಸೀಲು ಸವೆದಿರಬೇಕು, ದಂಡ ತಿರುಗಿದಷ್ಟೂ ನೀರು ಬರುತ್ತದೆ ಎಂದ ಗಂಡ. ಎಂಜಿನ್ ನಿಲ್ಲಿಸಿದರೆ ಬಂಡೆ, ನಿಲ್ಲಿಸದಿದ್ದರೆ ನೀರು. ಚುಕ್ಕಾಣಿ ಬಿಟ್ಟು ಅವನು ಬರುವಂತಿರಲಿಲ್ಲ. “ಪಂಪಿನ ಬಾಯಿ ಕಟ್ಟಿದೆ. ನಿನ್ನ ಕಸದ ಬಾಟಲಿ ಯಾವುದೋ ಬಿಚ್ಚಿಕೊಂಡಿರುತ್ತೆ ನೋಡು.”

ಆ ಮಾತು ನೀರಿಗಿಂತ ತಣ್ಣಗಿತ್ತು. ಯಾವ ಭಯಕ್ಕೆಂದು ಒಂದು ಚೂರನ್ನೂ ಹೊರಗೆಸೆಯದೆ ಕೂಡಿಟ್ಟಳೋ, ಅದೇ ಈಗ ಮೂವರನ್ನೂ ಮುಳುಗಿಸುತ್ತದೆಯೇ? ಬಾಟಲಿಗಳ ಗೂಡಿಗೆ ಕೈಹಾಕಿ ಮುಚ್ಚಳಗಳನ್ನು ತಡವಿದಳು. ಒಂದು, ಇನ್ನೊಂದು, ಮತ್ತೊಂದು. ಎಲ್ಲವೂ ಬಿಗಿಯಾಗಿದ್ದವು. ಹಾಗಾದರೆ ಬೇರೇನು?

ನೀರು ಈಗ ಹಲಗೆ ಮೀರಿ ಪಾದಕ್ಕೆ ಬಂದಿತ್ತು. ಅತ್ತೆ ಬೆಂಚಿನ ಮೇಲೆ ಕಾಲು ಮಡಚಿ, ಲೈಫ್ ಜಾಕೆಟ್ಟಿನ ಪಟ್ಟಿ ಎರಡೂ ಕೈಯಲ್ಲಿ ಹಿಡಿದು, ತುಟಿ ಬಿಳಿಚಿಕೊಂಡು ಕೂತಿದ್ದರು. ಸೊಸೆ ಎಣ್ಣೆ ಕ್ಯಾನಿನ ತಲೆಯನ್ನು ಹಾಯಿ ಕತ್ತರಿಸುವ ಕತ್ತರಿಯಿಂದ ಕತ್ತರಿಸಿ ಅವರ ಕೈಗಿಟ್ಟಳು. “ಅತ್ತೆ, ಮೊಗೆದು ಸಿಂಕಿಗೆ ಸುರೀರಿ, ಸಮುದ್ರಕ್ಕೆ ಹೋಗುತ್ತೆ. ನಿಲ್ಲಿಸಬೇಡಿ.” ಅತ್ತೆ ಇಳಿದು ಮೊಗೆಯತೊಡಗಿದರು.

ಇವಳು ಹೊಟ್ಟೆಯ ಮೇಲೆ ಮಲಗಿ ತೋಳು ಪೂರ್ತಿ ಇಳಿಬಿಟ್ಟಳು. ದೋಣಿ ವಾಲಿದಾಗ ಕೆನ್ನೆಗೆ, ಮೂಗಿಗೆ ನೀರು. ಡಬ್ಬಿಗಳು ಮೊಣಕೈಗೆ ಗುದ್ದುತ್ತಿದ್ದವು. ಉಸಿರು ಬಿಗಿಹಿಡಿದು ಮುಖ ಮುಳುಗಿಸಿದಾಗ ಬೆರಳಿಗೆ ಪಂಪಿನ ಬಾಯಿಯ ಜಾಲರಿ ಸಿಕ್ಕಿತು. ಅದರ ತುಂಬ ಗಂಜಿಯಂಥ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದಳು, ಹಿಡಿ ಹಿಡಿಯಾಗಿ ಎತ್ತಿದಳು. ಪಂಪಿನ ಸದ್ದು ಬದಲಾಯಿತು. ಗುಂಯ್ ಹೋಗಿ ಗಳಗಳ ಬಂತು. ಪಕ್ಕದ ತೂತಿನಿಂದ ನೀರು ಸಮುದ್ರಕ್ಕೆ ಬೀಳುತ್ತಿದೆ ಎಂದು ಗಂಡ ಮೇಲಿಂದ ಕೂಗಿದ.

ಮುಷ್ಟಿ ಬಿಚ್ಚಿ ನೋಡಿದಳು. ನೆನೆದ ಕಾಗದ, ಹಿಟ್ಟಿನ ಅಂಟು. ಒಂದು ಚೂರಿನ ಮೇಲೆ ದುಂಡಗಿನ, ಅಚ್ಚುಕಟ್ಟಾದ ಅಕ್ಷರ: ‘ಬಟಾಣಿ’. ಮುಷ್ಟಿ ಮುಚ್ಚಿಕೊಂಡಳು.

“ಏನಿತ್ತು? ನಿನ್ನ ಕಸವಾ?” ಗಂಡ ಕೇಳಿದ.

“ಹೂಂ,” ಎಂದಳು.

ಕ್ಯಾನು ಹಿಡಿದ ಅತ್ತೆ ಅಲ್ಲೇ ನಿಂತರು. “ಅವಳದಲ್ಲ ಕಣೋ, ನನ್ನದು. ನನ್ನ ಅಕ್ಷರ ನನಗೆ ಗೊತ್ತಾಗಲ್ವಾ.” ಆಮೇಲೆ ಸೊಸೆಯ ಕಡೆ ತಿರುಗಿ, ಧ್ವನಿ ಇಳಿಸಿ ಹೇಳಿದರು: “ನೀನು ಬರೀ ‘ಬ’ ಅಂತ ಬರೆದಿದ್ದೆ. ಬಟಾಣಿನೋ ಬದನೆಕಾಯಿನೋ ಅಂತ ದಿನಾ ಒದ್ದಾಡ್ತಿದ್ದೆ. ನಿನ್ನೆ ಮಧ್ಯಾಹ್ನ ನೀನು ಮಲಗಿದ್ದಾಗ ಹೆಸರು ಬರೆದು ಅಂಟಿಸಿದೆ, ಎದ್ದು ನೋಡಿ ಖುಷಿ ಪಡ್ತೀಯ ಅಂತ.”

ಸೊಸೆಗೆ ನಗಬೇಕೆನಿಸಿತು, ಆದರೆ ಹಲ್ಲು ಕಟಕಟ ಎನ್ನುತ್ತಿತ್ತು. ಇಬ್ಬರೂ ಮಂಡಿಯೂರಿ ಉಳಿದ ಡಬ್ಬಿಗಳ ಚೀಟಿ ಕಿತ್ತರು. ಬಂಡೆಗಳ ಸಾಲು ಹಿಂದೆ ಬೀಳುವವರೆಗೂ ಅತ್ತೆ ಮೊಗೆಯುವುದನ್ನು ನಿಲ್ಲಿಸಲಿಲ್ಲ, ಸೊಸೆ ಜಾಲರಿಯಿಂದ ಕೈ ತೆಗೆಯಲಿಲ್ಲ.

ಬಂದರಿನಲ್ಲಿ ಗಂಡ ಸೀಲು ಬದಲಾಯಿಸಿದ. ಬಾಟಲಿಗಳೆಲ್ಲ ಬಂದರಿನ ತೊಟ್ಟಿ ಸೇರಿದವು. ತಲೆ ಕತ್ತರಿಸಿದ ಕ್ಯಾನು ಮಾತ್ರ ದೋಣಿಯಲ್ಲೇ ಉಳಿಯಿತು. ಅದನ್ನು ಎಸೆಯಲು ಅತ್ತೆಯೇ ಬಿಡಲಿಲ್ಲ.

ಭಯ ಹೋಗಲಿಲ್ಲ. ಈಗಲೂ ಅವಳು ಬೆಳಿಗ್ಗೆ ಎದ್ದವಳೇ ಹಲಗೆ ಎತ್ತುತ್ತಾಳೆ. ತಳದಲ್ಲಿ ಒಂದಿಷ್ಟು ಪಸೆ ಕಂಡರೂ ಬೆರಳದ್ದಿ ನಾಲಿಗೆಗೆ ಇಡುತ್ತಾಳೆ. ಊರಿಗೆ ಮರಳದೆ ದೋಣಿಯಲ್ಲೇ ಉಳಿದುಕೊಂಡ ಅತ್ತೆ, ಬೆಂಚಿನ ಮೇಲೆ ಹೊದ್ದು ಮಲಗಿದಲ್ಲಿಂದ ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ:

“ಉಪ್ಪಾ, ಸಪ್ಪೆನಾ?”

“ಸಪ್ಪೆ, ಅತ್ತೆ.”

ಅದನ್ನು ಕೇಳಿದ ಮೇಲೇ ಅವರು ಮಗ್ಗುಲು ಬದಲಿಸುವುದು.